ಸಹಾಯ ಬೇಕು: ಈ ಹಳೇ ಸ್ಪೀಕರ್ ಯಾವ ಕಾಲದ್ದು?

ಎಲ್ಲರಿಗೂ ನಮಸ್ಕಾರ. ಮಾಟುಂಗದ ನಮ್ಮ ಮನೆಯಲ್ಲಿ ಮಾವನವರ ಕಾಲದ ಜೋಡಿ ಸ್ಪೀಕರ್ ಇದೆ. ತೇಗದ ಪೆಟ್ಟಿಗೆಯ ಮೇಲೆ ಹೆಸರಿಲ್ಲ, ಹಿಂದಿನ ಚೀಟಿ ಹರಿದುಹೋಗಿದೆ. ಬಿಚ್ಚಿ ನೋಡಿದರೆ ಒಳಗಿನ ತಗಡಿನ ಚೌಕಟ್ಟಿನ ಅಂಚಿನಲ್ಲಿ ಮಸಿಯಲ್ಲಿ ಒತ್ತಿದ ಅಂಕಿಗಳಿವೆ: 220332. ಮೊದಲ 220 ಅಮೆರಿಕದ ಜೆನ್ಸನ್ ಕಂಪನಿಯ ಗುರುತು. ಮುಂದಿನ 3 ವರ್ಷದ ಕೊನೆಯ ಅಂಕಿ, 32 ಅಂದರೆ ವಾರ, ಆಗಸ್ಟ್ ಹೊತ್ತಿನದು. ಆದರೆ 1953 ಆ, 1963 ಆ, 1973 ಆ? ಕಗ್ಗಂಟಾಗಿರುವುದು ಇಲ್ಲೇ.

ಅಯಸ್ಕಾಂತ ಸಣ್ಣದು, ಆಲ್ನಿಕೋ (ಕೋಬಾಲ್ಟ್ ಬೆರೆತ ಮಿಶ್ರಲೋಹ) ಥರ ಕಾಣುತ್ತದೆ. ಕೋಬಾಲ್ಟ್ ವಿಪರೀತ ದುಬಾರಿಯಾಗಿ ಎಲ್ಲರೂ ಫೆರೈಟ್ ಅನ್ನುವ ಅಗ್ಗದ ಅಯಸ್ಕಾಂತಕ್ಕೆ ವಾಲಿದ್ದು 70ರ ದಶಕದ ಕೊನೆಗೆ ತಾನೇ? ಹಾಗಾಗಿ ಅದೊಂದರಿಂದ ತೀರ್ಮಾನ ಆಗುವುದಿಲ್ಲ.

ಕಂಪಿಸಿ ದನಿ ಹೊರಡಿಸುವ ಕಾಗದದ ಕೋನ್ ಅಂಚಿನಲ್ಲಿ ಸ್ವಲ್ಪ ಸೀಳಿದೆ. ಹೊಸದು ಹಾಕಿಸಿ ಅಂತಾರೆ, ನನಗೆ ಸುತರಾಂ ಇಷ್ಟವಿಲ್ಲ. ಮೂಲ ಕೋನ್ ಹೋದರೆ ದನಿಯೇ ಬೇರೆಯಾಗುತ್ತದೆ, ಅಲ್ವಾ? ಮುಂಬೈ, ಪುಣೆ ಕಡೆ ಇದನ್ನು ಕೈಯಲ್ಲಿ ಹಿಡಿದು ನೋಡಿ ಹೇಳಬಲ್ಲವರು ಇದ್ದರೆ ದಯವಿಟ್ಟು ತಿಳಿಸಿ. ಪೆಟ್ಟಿಗೆ ಹೊತ್ತು ನಾನೇ ಬರುತ್ತೇನೆ.