ಏಳರವರೆಗೆ ಫಸ್ಟು, ಎಂಟಕ್ಕೆ ಬಂದ ಮೇಲೆ ಅಳು

ಕಳೆದ ವಾರದ ಸಮಸ್ಯೆ: ಮಗಳು ಏಳನೇ ತರಗತಿವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದಳು. ಪ್ರತಿ ವರ್ಷ ಅವಳೇ ಫಸ್ಟು. ಎಂಟಕ್ಕೆ ಪಟ್ಟಣದ ಇಂಗ್ಲಿಷ್ ಮಾಧ್ಯಮದ ಹೈಸ್ಕೂಲಿಗೆ ಸೇರಿಸಿದೆವು. ಮೊದಲ ಟೆಸ್ಟಿನಲ್ಲೇ ಗಣಿತ, ವಿಜ್ಞಾನ ಎರಡರಲ್ಲೂ ಫೇಲು. ರಾತ್ರಿ ಹನ್ನೊಂದರವರೆಗೆ ಓದುತ್ತಾಳೆ, ಬೆಳಿಗ್ಗೆ ಎದ್ದು ಶಾಲೆಗೆ ಹೋಗಲ್ಲ ಎಂದು ಅಳುತ್ತಾಳೆ. ಟ್ಯೂಷನ್ನಿಗೆ ಹಾಕಲೇ? ವಾಪಸ್ ಕನ್ನಡ ಮಾಧ್ಯಮಕ್ಕೆ ಸೇರಿಸಲೇ?

ಓದುಗರ ಸ್ಪಂದನ

ತಾಯಿ, ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು. ನಿಮ್ಮ ಪತ್ರ ಓದಿ ಒಬ್ಬ ಹುಡುಗಿ ನೆನಪಾದಳು. ಅವಳೂ ನಿಮ್ಮ ಮಗಳ ಹಾಗೆಯೇ ಕನ್ನಡದಿಂದ ಇಂಗ್ಲಿಷಿಗೆ ಬಂದವಳು. ಟೆಸ್ಟಿನಲ್ಲಿ ‘ಸೆಲ್’ ಚಿತ್ರ ಬರೆಯಿರಿ ಎಂದು ಕೇಳಿದ್ದೆ. ಅವಳು ಟಾರ್ಚಿಗೆ ಹಾಕುವ ಸೆಲ್ಲು ಬರೆದು, ಪ್ಲಸ್ಸು ಮೈನಸ್ಸು ಗುರುತು ಹಾಕಿ, ಅಂದವಾಗಿ ಬಣ್ಣವನ್ನೂ ತುಂಬಿದ್ದಳು! ಸೊನ್ನೆ ಕೊಟ್ಟೆ. ಆಮೇಲೆ ಕರೆದು ‘ಜೀವಕೋಶ ಗೊತ್ತೇನಮ್ಮ?’ ಅಂದರೆ ಕೋಶಪೊರೆ, ಕೋಶದ್ರವ್ಯ, ಕೋಶಕೇಂದ್ರ ಎಂದು ಪಟಪಟ ಹೇಳಿಬಿಟ್ಟಳು. ಆ ಸೊನ್ನೆ ನೆನೆದರೆ ಇವತ್ತಿಗೂ ನಾಚಿಕೆ ಆಗುತ್ತದೆ.

ಅದಕ್ಕೇ ಹೇಳುತ್ತೇನೆ, ಮೊದಲು ಆ ಟೆಸ್ಟಿನ ಪ್ರಶ್ನೆಪತ್ರಿಕೆ ತೆಗೆಯಿರಿ. ಇಂಗ್ಲಿಷ್ ಬಲ್ಲವರು ಯಾರಾದರೂ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲಿ, ಮಗಳು ಬಾಯಲ್ಲೇ ಉತ್ತರ ಹೇಳಲಿ. ಹೇಳಿದಳೋ, ತೊಡಕಿರುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲೂ ತಡವರಿಸಿದಳೋ, ಪಾಠದಲ್ಲಿ.

ಇಂಗ್ಲಿಷಿನ ತೊಡಕಾದರೆ ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ಇಟ್ಟುಕೊಳ್ಳಿ. ರಾಜ್ಯದ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಎರಡೂ ಮಾಧ್ಯಮದ್ದು ಪುಕ್ಕಟೆ ಸಿಗುತ್ತವೆ. ಗಣಿತ, ವಿಜ್ಞಾನದಲ್ಲಿ ಅದೇ ಪಾಠ, ಅದೇ ಚಿತ್ರ, ಅದೇ ಲೆಕ್ಕ. ನಾಳೆ ‘ಫ್ರಿಕ್ಷನ್’ ಪಾಠವಿದ್ದರೆ ಇವತ್ತು ಸಂಜೆ ‘ಘರ್ಷಣೆ’ ಓದಿಕೊಂಡು ಹೋಗಲಿ. ಕ್ಲಾಸಿನಲ್ಲಿ ಆಗ ಹೊಸ ಹೆಸರೊಂದನ್ನು ಕಲಿತರಾಯಿತು. ಪಾಠದ ತೊಡಕಾದರೆ, ಗಣಿತದಲ್ಲಿ ಮಕ್ಕಳಿಗೆ ಜಾಸ್ತಿ ಕೈಕೊಡುವುದು ಭಿನ್ನರಾಶಿ ಮತ್ತು ಋಣಸಂಖ್ಯೆ. ಎಂಟನೇ ತರಗತಿಯ ಭಾಗಲಬ್ಧ ಸಂಖ್ಯೆ, ಸಮೀಕರಣ ಎಲ್ಲಕ್ಕೂ ಅವೇ ಬುಡ. ಆರು, ಏಳರ ಪುಸ್ತಕ ರದ್ದಿಗೆ ಹಾಕಿಲ್ಲ ತಾನೇ?

ಮತ್ತೆ, ಹನ್ನೊಂದರವರೆಗೆ ಓದಿಸಬೇಡಿ. ಒಂಬತ್ತೂವರೆಗೆ ದೀಪ ಆರಿಸಿ.
– ನಿವೃತ್ತ ಶಿಕ್ಷಕರು, ಸಾಗರ

ಅಕ್ಕ, ಸುಮ್ನೆ ವಾಪಸ್ ಕರೆತನ್ನಿ. ನನ್ನ ಮಗನಿಗೂ ಹೀಗೇ ಆಗಿತ್ತು. ಎರಡು ತಿಂಗಳು ನೋಡಿದೆ. ಹುಡುಗ ಊಟ ಬಿಟ್ಟ, ಮಾತು ಬಿಟ್ಟ. ಕನ್ನಡ ಮಾಧ್ಯಮಕ್ಕೆ ಹಾಕಿದ ಮೇಲೆ ಮನೆಯಲ್ಲಿ ಮತ್ತೆ ನಗು ಕೇಳಿಸಿತು. ನೆಂಟರು ‘ಅಯ್ಯೋ, ಕನ್ನಡಕ್ಕೆ ಹಾಕಿದ್ರಾ’ ಅಂತ ಮೂಗು ಮುರಿದರು. ಮುರಿದುಕೊಳ್ಳಲಿ ಬಿಡಿ! ಎಸ್ಸೆಸ್ಸೆಲ್ಸಿ ಕನ್ನಡದಲ್ಲಿ ಬರೆಯಬಹುದು, ಈಗ ನೀಟ್ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಆದರೆ ವರ್ಷದ ನಡುವೆ ಶಾಲೆ ಬದಲಿಸುವುದಾದರೆ ತಡ ಮಾಡಬೇಡಿ. ಈ ವಾರವೇ ಹೋಗಿ ಹೆಡ್‌ಮಾಸ್ಟರನ್ನು ಕಂಡು ಟಿ.ಸಿ. ವಿಚಾರ ಕೇಳಿ.
– ಗೃಹಿಣಿ, ಹಾಸನ ಜಿಲ್ಲೆ

ಪಟ್ಟಣದ ಹೈಸ್ಕೂಲಿಗೆ ಹತ್ತೂರಿನ ಮಕ್ಕಳು ಬರುತ್ತಾರೆ. ಅವರಲ್ಲಿ ಅರ್ಧಕ್ಕರ್ಧ ತಮ್ಮೂರಿನಲ್ಲಿ ಫಸ್ಟು ಬಂದವರೇ. ಇಲ್ಲಿ ಫಸ್ಟು ಬರುವುದು ಒಬ್ಬರೇ ಅಲ್ವಾ? ನನ್ನ ಮಗಳಿಗೆ ಅಂಕಕ್ಕಿಂತ ಜಾಸ್ತಿ ಸುಟ್ಟಿದ್ದು ಇದೇ. ಟ್ಯೂಷನ್ನಿಗೂ ಹಾಕಿ ನೋಡಿದೆ. ಬಸ್ಸಿಳಿದು ಟ್ಯೂಷನ್ ಮುಗಿಸಿ ಮನೆಗೆ ಬರುವಷ್ಟರಲ್ಲಿ ಎಂಟು ಗಂಟೆ. ಊಟದ ತಟ್ಟೆ ಮುಂದೆಯೇ ತೂಕಡಿಸುತ್ತಿದ್ದಳು. ಒಂದೇ ತಿಂಗಳಿಗೆ ಬಿಡಿಸಿದೆ.
– ಅಪ್ಪ, ಚನ್ನರಾಯಪಟ್ಟಣ

ಆಂಟಿ, ನಾನು ಹತ್ತರವರೆಗೆ ಕನ್ನಡ ಮಾಧ್ಯಮ. ಆಮೇಲೆ ಪಿಯುಸಿ ಸೈನ್ಸ್ ತಗೊಂಡೆ. ನಮ್ಮ ಕಾಲೇಜಿನಲ್ಲಿ ಪಾಠ ಪೂರ್ತಿ ಇಂಗ್ಲಿಷಿನಲ್ಲಿ. ನಿಮ್ಮ ಮಗಳು ಈಗ ಅಳುತ್ತಿರುವುದನ್ನು ನಾನು ಹದಿನಾರನೇ ವಯಸ್ಸಿನಲ್ಲಿ, ಹಾಸ್ಟೆಲಿನ ಬಾತ್‌ರೂಮಿನಲ್ಲಿ ಅತ್ತೆ. ಅವಳ ಹತ್ತಿರ ಇನ್ನೂ ಮೂರು ವರ್ಷ ಇದೆ, ನನ್ನ ಹತ್ತಿರ ಎರಡೇ ಇತ್ತು. ಅದಕ್ಕೆ ನನ್ನ ಮಾತು, ಅಲ್ಲೇ ಬಿಡಿ.

ಪ್ರಥಮ ಭಾಷೆ ಕನ್ನಡ ತಗೊಂಡಿದ್ದಾಳಾ, ನೋಡಿ. ತಗೊಂಡಿದ್ದರೆ ಎಸ್ಸೆಸ್ಸೆಲ್ಸಿಯ 625 ಅಂಕದಲ್ಲಿ 125 ಕನ್ನಡದ್ದೇ. ಅದರಲ್ಲಿ ಅವಳನ್ನು ಯಾರು ಹಿಡಿಯುತ್ತಾರೆ?

ನಾನು ಒಂದು ನೂರು ಪುಟದ ನೋಟ್‌ಬುಕ್ ಮಾಡಿಕೊಂಡಿದ್ದೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ. ದಿನಕ್ಕೆ ಹತ್ತೇ ಪದ. ಕೆಲವು ತುಂಬಾ ಮೋಸದವು. ‘ಪವರ್’ ಅಂದರೆ ಕರೆಂಟು ಅಂದುಕೊಂಡಿದ್ದೆ, ಗಣಿತದಲ್ಲಿ ನೋಡಿದರೆ ಘಾತ! ಅರ್ಥವಾಗದಿದ್ದರೆ ಕ್ಲಾಸಿನಲ್ಲಿ ಕೈ ಎತ್ತುವ ಧೈರ್ಯ ನನಗೆ ಇರಲಿಲ್ಲ. ಬೆಲ್ ಹೊಡೆದ ಮೇಲೆ ಮೇಡಂ ಹಿಂದೆ ಸ್ಟಾಫ್‌ರೂಮಿನವರೆಗೆ ನಡೆದುಕೊಂಡು ಹೋಗಿ ಕನ್ನಡದಲ್ಲೇ ಕೇಳುತ್ತಿದ್ದೆ. ಅವರೂ ಕನ್ನಡದಲ್ಲೇ ಹೇಳುತ್ತಿದ್ದರು.

ಆ ನೋಟ್‌ಬುಕ್ ಇನ್ನೂ ಇದೆ. ಜೆರಾಕ್ಸ್ ಮಾಡಿಸಿ ಈ ಪತ್ರದ ಜೊತೆ ಇಟ್ಟಿದ್ದೇನೆ, ಸಂಪಾದಕರು ದಯವಿಟ್ಟು ತಲುಪಿಸಬೇಕು. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ತಂಗಿ ನಗಲಿ, ಪರವಾಗಿಲ್ಲ.
– ಬಿ.ಎಸ್ಸಿ. ವಿದ್ಯಾರ್ಥಿನಿ, ಸಿಂಧನೂರು