ಅಪ್‌ಡೇಟ್: ಹುಣಸೆ ಚಿಗಳಿ ಈಗ ಕಡ್ಡಿಗೆ ಗಟ್ಟಿಯಾಗಿ ನಿಲ್ಲುತ್ತಿದೆ
ಚಿಗಳಿ (ಹುಣಸೆ, ಬೆಲ್ಲ ಕುಟ್ಟಿ ಕಡ್ಡಿಗೆ ಸಿಕ್ಕಿಸುವ ಉಂಡೆ) ಕಡ್ಡಿಯಿಂದ ಜಾರುತ್ತಿದೆ, ಏನು ಮಾಡಲಿ ಅಂತ ಹಿಂದೆ ಕೇಳಿದ್ದೆ. ತಪ್ಪು ಬೆಲ್ಲದಲ್ಲೇ ಇತ್ತು. ಮೆತ್ತನೆಯ ಹೊಸ ಬೆಲ್ಲ ಹಾಕಿದರೆ ಅದರ ನೀರಿನಂಶಕ್ಕೆ ಉಪ್ಪೂ ಸೇರಿ ಮಿಶ್ರಣ ಪಾಯಸದಂತಾಗುತ್ತದೆ. ಗಟ್ಟಿ ಉಂಡೆ ಬೆಲ್ಲವೇ ಬೇಕು.

ಸರಿಬಂದ ಅಳತೆ: ಬೀಜ, ನಾರು ತೆಗೆದ ಹುಣಸೆಹಣ್ಣು 100 ಗ್ರಾಂ, ಪುಡಿ ಮಾಡಿದ ಉಂಡೆ ಬೆಲ್ಲ 80 ಗ್ರಾಂ, ಹುರಿದ ಜೀರಿಗೆ 1 ಚಮಚ, ಒಣಮೆಣಸಿನಕಾಯಿ 3, ಕಲ್ಲುಪ್ಪು ಮುಕ್ಕಾಲು ಚಮಚ. ಹುಣಸೆಯನ್ನು ಒಂದೆರಡು ಗಂಟೆ ಬಿಸಿಲಿಗಿಡಿ, ತೊಳೆಯಲೇಬೇಡಿ.

ಮೊದಲು ಮೆಣಸಿನಕಾಯಿ, ಜೀರಿಗೆ, ಉಪ್ಪು ಕುಟ್ಟಿ. ಆಮೇಲೆ ಹುಣಸೆಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ, ಬೆಲ್ಲ ಕೊನೆಗೆ. ಮಿಕ್ಸಿ ಬೇಡ: ಬಿಸಿಗೆ ಬೆಲ್ಲ ಕರಗಿ ಬ್ಲೇಡಿಗೆ ಅಂಟುತ್ತದೆ. ಕುಟ್ಟಾಣಿಯಲ್ಲಿ ಹತ್ತು ನಿಮಿಷ ಕುಟ್ಟಿದಾಗ ಬಣ್ಣ ಕಪ್ಪಾಗಿ, ಹೊಳಪು ಬಂದು, ಮುದ್ದೆ ಒನಕೆಯ ಜೊತೆಗೇ ಒಟ್ಟಾಗಿ ಮೇಲೇಳುತ್ತದೆ. ಅದೇ ಹದ.

ಕೈಗೆ ತುಪ್ಪ ಸವರಿ ನಿಂಬೆಗಿಂತ ಚಿಕ್ಕ ಉಂಡೆ ಕಟ್ಟಿ, ಕಡ್ಡಿ ಚುಚ್ಚಿ ಬುಡವನ್ನು ಬಿಗಿಯಾಗಿ ಒತ್ತಿ. ದೊಡ್ಡ ಉಂಡೆ ತನ್ನ ಭಾರಕ್ಕೇ ಜಾರುತ್ತದೆ. ಸಡಿಲವಾದರೆ ಹುಣಸೆ ಇನ್ನಷ್ಟು ಸೇರಿಸಿ ಕುಟ್ಟಿ, ಹಿಟ್ಟು ಮಾತ್ರ ಬೆರೆಸಬೇಡಿ, ರುಚಿಯೇ ಕೆಡುತ್ತದೆ. ತೆಗೆದಿಡಲು ಸ್ಟೀಲ್ ಡಬ್ಬಿಗಿಂತ ಗಾಜಿನ ಭರಣಿ ಒಳ್ಳೆಯದು.