ಶನಿವಾರ ರಾತ್ರಿ ಮಾಮಂದಿರು ಎಲ್ಲಿ ನಿಂತಿದ್ದಾರೆ?

ನಮ್ಮ ಮನೆಯ ವಾಟ್ಸಾಪ್ ಗುಂಪಿನ ಹೆಸರು ‘ಅಜ್ಜಿ ಮನೆ’. ಬೆಳಿಗ್ಗೆ ಹೂವಿನ ಚಿತ್ರ, ಹಬ್ಬಕ್ಕೆ ಶುಭಾಶಯ, ಮಧ್ಯೆ ಮಧ್ಯೆ ಶುಗರ್‌ಗೆ ಮೆಂತ್ಯದ ನೀರು. ಜಗಳ ಅಪರೂಪ. ಕಳೆದ ಶುಕ್ರವಾರ ಸುರೇಶ್ ಮಾವ ಒಂದು ಮೆಸೇಜ್ ಫಾರ್ವರ್ಡ್ ಮಾಡಿದರು, ಗುಂಪು ಎರಡು ಹೋಳಾಯಿತು. ಹೆಸರುಗಳನ್ನು ಬದಲಿಸಿ, ಬಯ್ಗುಳ ತೆಗೆದು ಇಲ್ಲಿ ಹಾಕಿದ್ದೇನೆ. ಬಯ್ಗುಳ ಜಾಸ್ತಿ ಇರಲಿಲ್ಲ, ದೊಡ್ಡಮ್ಮ ಇದ್ದರಲ್ಲ.

ಸುರೇಶ್ ಮಾವ: (ಫಾರ್ವರ್ಡ್ ಆಗಿದ್ದು) ಎಲ್ಲರ ಗಮನಕ್ಕೆ!! ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಸ್ಪೀಡ್ ಕ್ಯಾಮೆರಾ ಇರುವ ಜಾಗಗಳ ಪಟ್ಟಿ ಕೆಳಗಿದೆ. ಜೊತೆಗೆ ಶನಿವಾರ ರಾತ್ರಿ ಬೆಂಗಳೂರಿನಲ್ಲಿ ಡ್ರಿಂಕ್ ಅಂಡ್ ಡ್ರೈವ್ ಹಿಡಿಯಲು ಪೊಲೀಸರು ಎಲ್ಲೆಲ್ಲಿ ನಿಲ್ಲುತ್ತಾರೆ, ಯಾವ ಅಡ್ಡರಸ್ತೆಯಲ್ಲಿ ತಪ್ಪಿಸಿಕೊಳ್ಳಬಹುದು, ಅದೂ ಇದೆ. ಸ್ನೇಹಿತರಿಗೂ ಕಳಿಸಿ, ಅವರ ಹತ್ತು ಸಾವಿರ ಉಳಿಸಿ!!

ಚೇತು: ಸೂಪರ್ ಅಪ್ಪ. ಹಾಸ್ಟೆಲ್ ಗುಂಪಿಗೂ ಹಾಕಿದೆ.

ದೊಡ್ಡಮ್ಮ: ಹಾಸ್ಟೆಲ್‌ನಲ್ಲಿ ಯಾರಪ್ಪ ಕುಡಿಯುವುದು?

(ಇದಕ್ಕೆ ಅರ್ಧ ಗಂಟೆ ಉತ್ತರ ಬರಲಿಲ್ಲ.)

ನಾನು: ಮಾವ, ಕ್ಯಾಮೆರಾ ಪಟ್ಟಿ ಇರಲಿ ಬಿಡಿ. ಆ ಶನಿವಾರದ ಭಾಗ ಅಳಿಸಿಬಿಡಿ.

ಸುರೇಶ್ ಮಾವ: ಯಾಕೋ? ಎರಡೂ ಒಂದೇ ಅಲ್ವಾ? ಹೈವೇನಲ್ಲಿ ಎದುರಿನಿಂದ ಬರುವ ಲಾರಿಯವನು ಲೈಟ್ ಹೊಡೆಯುತ್ತಾನೆ, ನಾವು ನಿಧಾನ ಮಾಡುತ್ತೇವೆ. ಬೈಕಿನವನು ತಲೆ ತಟ್ಟಿ ತೋರಿಸಿದರೆ ಮುಂದೆ ಹೆಲ್ಮೆಟ್ ಹಿಡಿಯುತ್ತಿದ್ದಾರೆ ಅಂತ. ನಾನು ಗಾಡಿ ಕಲಿತಾಗಿನಿಂದ ನೋಡಿದ್ದೇನೆ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಇನ್ನೊಬ್ಬನ 500 ರೂಪಾಯಿ ಉಳಿಸುತ್ತಾನೆ. ಇದರಲ್ಲಿ ತಪ್ಪೇನು?

ನಾನು: ತಲೆ ತಟ್ಟಿದ್ದು ನೋಡಿ ಅವನು ಏನು ಮಾಡುತ್ತಾನೆ? ಪೆಟ್ರೋಲ್ ಟ್ಯಾಂಕ್ ಮೇಲಿದ್ದ ಹೆಲ್ಮೆಟ್ ತೆಗೆದು ತಲೆಗೆ ಹಾಕುತ್ತಾನೆ. ಲಾರಿಯವನು ಲೈಟ್ ಹೊಡೆದರೆ ನೀವು 120ರಿಂದ 100ಕ್ಕೆ ಇಳಿಯುತ್ತೀರಿ. ಪೊಲೀಸರಿಗೆ ಬೇಕಾದದ್ದೂ ಅದೇ, ಅದಕ್ಕೆ ನನ್ನ ತಕರಾರಿಲ್ಲ. ಕುಡಿದವನಿಗೆ ಮುಂದೆ ಚೆಕಿಂಗ್ ಇದೆ ಅಂದರೆ? ಕುಡಿದದ್ದು ಇಳಿಯುತ್ತದಾ? ಬೇರೆ ರಸ್ತೆ ಹಿಡಿಯುತ್ತಾನೆ, ಅಷ್ಟೇ.

ಪ್ರದೀಪಣ್ಣ: ಕ್ಯಾಮೆರಾ ವಿಷಯದಲ್ಲಿ ಮಾವ ಹೇಳಿದ್ದು ಸರಿ. ಎಚ್ಚರಿಕೆ ಕೊಡಿ ಅಂತ ಸರ್ಕಾರದ್ದೇ ನಿಯಮ ಇದೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಅಂತ ಹೊಸದಾಗಿ ಸೇರಿಸಿದರು. ಕ್ಯಾಮೆರಾ ಇಟ್ಟು ದಂಡ ಹಾಕುವುದಾದರೆ, ಆ ರಸ್ತೆ ಶುರುವಾಗುವ ಮೊದಲೇ ಎದ್ದು ಕಾಣುವ ಹಾಗೆ ಬೋರ್ಡ್ ಹಾಕಬೇಕು. ದಂಡದ ನೋಟಿಸು 15 ದಿನದೊಳಗೆ ಕಳಿಸಬೇಕು ಅಂತಲೂ ಆಗ ಹಾಕಿದ್ದರು. ಬೋರ್ಡೇ ಹಾಕಿ ಅನ್ನುವಾಗ ಪಟ್ಟಿ ಹಂಚುವುದು ಅಪರಾಧ ಹೇಗಾಗುತ್ತದೆ?

ಸುರೇಶ್ ಮಾವ: ನೋಡು! ಮನೆಯಲ್ಲಿ ಒಬ್ಬ ವಕೀಲ ಇರಬೇಕು ಅನ್ನುವುದು ಇದಕ್ಕೇ.

ಪ್ರದೀಪಣ್ಣ: ಪೂರ್ತಿ ಕೇಳಿ ಮಾವ. ಮೋಟಾರು ವಾಹನ ಕಾಯ್ದೆಯ 179ನೇ ಸೆಕ್ಷನ್ ಪ್ರಕಾರ ಅಧಿಕಾರಿಯ ಕೆಲಸಕ್ಕೆ ಅಡ್ಡಿ ಮಾಡಿದರೆ ದಂಡ. ಭಾರತೀಯ ನ್ಯಾಯ ಸಂಹಿತೆಯ 221ರಲ್ಲಿ, ಅಂದರೆ ಹಳೇ ಐಪಿಸಿ 186ರಲ್ಲಿ, ಮೂರು ತಿಂಗಳವರೆಗೆ ಜೈಲೂ ಇದೆ. ಲೈಟ್ ಹೊಡೆದವನ ಮೇಲೆ ಇದನ್ನು ಹಾಕಿದರೆ ಎಳೆದು ತಂದ ಕೇಸು ಅಂತ ನಾನೇ ವಾದ ಮಾಡುತ್ತೇನೆ. ಆದರೆ ‘ಈ ಅಡ್ಡರಸ್ತೆಯಲ್ಲಿ ತಪ್ಪಿಸಿಕೊಳ್ಳಿ’ ಅಂತ ಬರೆದುಕೊಟ್ಟವನ ಪರ ವಾದ ಮಾಡುವುದು ಸ್ವಲ್ಪ ಕಷ್ಟ. ಫೀಸು ಜಾಸ್ತಿ ಆಗುತ್ತದೆ.

ಶಾರದತ್ತೆ: (ದಾಸವಾಳದ ಚಿತ್ರ) ಶುಭ ಶುಕ್ರವಾರ, ಎಲ್ಲರಿಗೂ ಒಳ್ಳೆಯದಾಗಲಿ.

ಸುರೇಶ್ ಮಾವ: ಪೊಲೀಸರು ನಮ್ಮ ಜೀವ ಉಳಿಸುವುದಕ್ಕೆ ನಿಂತಿದ್ದಾರೆ ಅಂತ ನೀವೆಲ್ಲ ನಂಬಿದ್ದೀರಾ? 2023ರ ಫೆಬ್ರವರಿಯಲ್ಲಿ ಅರ್ಧ ದಂಡ ಕಟ್ಟಿದರೆ ಸಾಕು ಅಂದರಲ್ಲ, ಜನ ಕ್ಯೂ ನಿಂತು ಕಟ್ಟಿದರು. ನೂರು ಕೋಟಿಗೂ ಜಾಸ್ತಿ ಬಂತು. ಆಮೇಲೆ ಮತ್ತೆ ಅದೇ ರಿಯಾಯಿತಿ. ಜೀವದ ವಿಷಯ ಆಗಿದ್ದರೆ ಸೀರೆ ಅಂಗಡಿ ಥರ ಡಿಸ್ಕೌಂಟ್ ಸೇಲ್ ಹಾಕುತ್ತಿದ್ದರಾ? ಮಂಡ್ಯದಲ್ಲೇ ಆಗಿದ್ದು ಮರೆತಿರಾ? 2025ರ ಮೇನಲ್ಲಿ ಹೆಲ್ಮೆಟ್ ತಪಾಸಣೆ ಅಂತ ಬೈಕ್ ತಡೆದರು. ಮಗುವಿಗೆ ನಾಯಿ ಕಚ್ಚಿತ್ತು, ಅಪ್ಪ ಅಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಗಾಡಿ ಬಿದ್ದು, ಮಗುವಿನ ಮೇಲೆ ಇನ್ನೊಂದು ವಾಹನ ಹರಿಯಿತು. ಮೂರೂವರೆ ವರ್ಷದ ಮಗು. ಆವತ್ತು ಯಾರಾದರೂ ಹಿಂದೆಯೇ ತಲೆ ತಟ್ಟಿ ತೋರಿಸಿದ್ದರೆ?

(ಇದಾದ ಮೇಲೆ ಸ್ವಲ್ಪ ಹೊತ್ತು ಯಾರೂ ಬರೆಯಲಿಲ್ಲ. ದೊಡ್ಡಪ್ಪ ‘ಟೈಪಿಂಗ್’ ಅಂತ ತೋರಿಸುತ್ತಲೇ ಇತ್ತು. ಅವರು ಟ್ರಾಫಿಕ್‌ನಲ್ಲಿ ಎಎಸ್ಐ ಆಗಿ ನಿವೃತ್ತರಾದವರು. ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಾರೆ.)

ದೊಡ್ಡಪ್ಪ: ಸುರೇಶ, ಮಂಡ್ಯದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮೂವರು ಎಎಸ್ಐಗಳನ್ನು ಅಮಾನತು ಮಾಡಿದರು, ಮಾಡಬೇಕಾದ್ದೇ. ಕಣ್ಣಿಗೆ ಕಾಣುವ ತಪ್ಪಿಲ್ಲದೆ ಗಾಡಿ ತಡೆಯಬೇಡಿ, ಕೀ ಕಿತ್ತುಕೊಳ್ಳಬೇಡಿ ಅಂತ ಮೇಲಿನಿಂದ ಆಮೇಲೆ ಸುತ್ತೋಲೆ ಬಂತು. ಓಡುವ ಗಾಡಿಗೆ ಅಡ್ಡ ಹೋಗಿ ಹಿಡಿಯುವುದು, ತಿರುವಿನಲ್ಲಿ ಅವಿತು ನಿಲ್ಲುವುದು, ಇದೆಲ್ಲ ಕೆಟ್ಟ ಡ್ಯೂಟಿ. ನಾನು ಇಲಾಖೆಯಲ್ಲಿ ಇದ್ದಾಗಲೂ ಇದನ್ನೇ ಹೇಳಿ ಬೈಸಿಕೊಂಡಿದ್ದೇನೆ.

ದೊಡ್ಡಪ್ಪ: ಆದರೆ ರಾತ್ರಿ ಊದಿಸುವ ಡ್ಯೂಟಿ ಹಾಗಲ್ಲ. ಬ್ಯಾರಿಕೇಡ್‌ಗಳನ್ನು ಆ ಕಡೆ ಒಂದು ಈ ಕಡೆ ಒಂದು ಇಡುತ್ತೇವೆ. ಗಾಡಿ ತಾನಾಗೇ ನಿಧಾನ ಆಗಬೇಕು. ಬೆಳಕಿರುವ ಜಾಗ ನೋಡುತ್ತೇವೆ. ಬ್ಯಾರಿಕೇಡ್ ಕಂಡ ಮೇಲೆ ಅಡ್ಡರಸ್ತೆ, ಯೂ ಟರ್ನ್ ಸಿಗದ ಹಾಗೆ ನೋಡುತ್ತೇವೆ. ಸಿಕ್ಕರೆ ಕುಡಿದವನು ಗಾಡಿ ತಿರುಗಿಸಿ ಒನ್‌ವೇಯಲ್ಲಿ ಎದುರು ನುಗ್ಗುತ್ತಾನೆ. ಅದು ಇನ್ನೂ ಅಪಾಯ. ಒಂದೇ ಕಡೆ ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ಸುದ್ದಿ ಹರಡಿಬಿಡುತ್ತದೆ. ಒಂದು ಸಲ ಒಬ್ಬ ಬಂದ. ಊದಪ್ಪ ಅಂದೆ. ಪ್ಲಾಸ್ಟಿಕ್ ನಳಿಗೆ ಬಾಯಿಗೆ ಇಡುವ ಮೊದಲು ಮೊಬೈಲ್ ತೆಗೆದು ತೋರಿಸಿ ಜಗಳಕ್ಕೇ ನಿಂತ. ‘ಸಾರ್, ನೀವು ಇಲ್ಲಿ ಇರಬಾರದು, ಫ್ಲೈಓವರ್ ಕೆಳಗೆ ಇರಬೇಕಿತ್ತು, ಇಲ್ಲಿ ನೋಡಿ ಮೆಸೇಜು’ ಅಂದ. ಹಿಂದಿನ ಸೀಟಿನಲ್ಲಿ ಅವನ ಮಗಳು ನಿದ್ದೆ ಮಾಡುತ್ತಿದ್ದಳು.

ದೊಡ್ಡಮ್ಮ: ಇದನ್ನು ನನಗೂ ಹೇಳಿರಲಿಲ್ಲ.

ಚೇತು: ದೊಡ್ಡ ಮಾವ, ಎಷ್ಟು ಕುಡಿದರೆ ಹಿಡಿಯುತ್ತಾರೆ? ಸುಮ್ನೆ ಕೇಳಿದೆ.

ಪ್ರದೀಪಣ್ಣ: 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ. ಮೊದಲ ಸಲ 10,000 ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಮತ್ತೆ ಸಿಕ್ಕಿಬಿದ್ದರೆ 15,000 ಅಥವಾ ಎರಡು ವರ್ಷದವರೆಗೆ ಜೈಲು, ಆಗಲೂ ಎರಡೂ ಆಗಬಹುದು. ಸುಮ್ನೆ ಹೇಳಿದೆ.

ಚೇತು: ಆದರೆ ಭಾವ, ಇದನ್ನೆಲ್ಲ ಮೊಬೈಲೇ ಹೇಳುತ್ತದಲ್ಲ. ಗೂಗಲ್ ಮ್ಯಾಪ್ಸ್ ಸ್ಪೀಡ್ ಕ್ಯಾಮೆರಾ ತೋರಿಸುತ್ತದೆ. ದಾರಿ ತೋರಿಸುವ ಗೂಗಲ್‌ನದೇ ಇನ್ನೊಂದು ಆ್ಯಪ್ ವೇಜ್‌ನಲ್ಲಿ ಪೊಲೀಸರು ಎಲ್ಲಿದ್ದಾರೆ ಅಂತಲೇ ಹಾಕಬಹುದು. ಅಷ್ಟು ದೊಡ್ಡ ಕಂಪನಿ ಮಾಡಿದರೆ ಸರಿ, ಅಪ್ಪ ಮಾಡಿದರೆ ತಪ್ಪಾ?

ಕಾವ್ಯ: ಕಂಪನಿ ಮಾಡಿದ್ದಕ್ಕೂ ಜಗಳ ಆಗಿದೆ ಕಣೋ. 2019ರಲ್ಲಿ ನ್ಯೂಯಾರ್ಕ್ ಪೊಲೀಸರು ಗೂಗಲ್‌ಗೆ ಪತ್ರ ಬರೆದರು, ಕುಡಿದು ಓಡಿಸುವವರ ತಪಾಸಣೆ ಜಾಗ ವೇಜ್‌ನಲ್ಲಿ ತೋರಿಸಬೇಡಿ ಅಂತ. ಫ್ರಾನ್ಸ್‌ನಲ್ಲಂತೂ 2021ರಿಂದ ಕಾನೂನೇ ಇದೆ. ಕುಡಿತ ಅಥವಾ ಡ್ರಗ್ಸ್ ತಪಾಸಣೆ ನಡೆಯುವ ಜಾಗವನ್ನು ಎರಡು ಗಂಟೆಯವರೆಗೆ ಆ್ಯಪ್‌ಗಳಲ್ಲಿ ಮುಚ್ಚಿಸಬಹುದು. ಭಯೋತ್ಪಾದಕರನ್ನೋ ಮಗು ಅಪಹರಿಸಿದವರನ್ನೋ ಹುಡುಕುತ್ತಿದ್ದರೆ 12 ಗಂಟೆಯವರೆಗೆ.

ಸುರೇಶ್ ಮಾವ: ಇಂಗ್ಲೆಂಡಿನಿಂದ ಬಂತಪ್ಪ ಉಪದೇಶ. ಅಲ್ಲಿ ರಸ್ತೆಯಲ್ಲಿ ಹಸು ಇಲ್ಲ, ಗುಂಡಿ ಇಲ್ಲ.

ಕಾವ್ಯ: ಗುಂಡಿ ಬೇಕಾದಷ್ಟಿವೆ ಮಾವ, ಬಂದು ನೋಡಿ. ನಿಮಗೆ ಖುಷಿಯಾಗುವ ಒಂದು ಕಥೆ ಹೇಳುತ್ತೇನೆ. ಇಲ್ಲಿ ಕಾರು ಕೆಟ್ಟರೆ ಬಂದು ಸರಿಮಾಡುವ ಎಎ ಅಂತ ಒಂದು ಸಂಸ್ಥೆ ಇದೆ. 1905ರಲ್ಲಿ ಅದು ಹುಟ್ಟಿದ್ದೇ ನೀವು ಮಾಡುತ್ತಿರುವ ಕೆಲಸಕ್ಕೆ. ಆಗ ವೇಗದ ಮಿತಿ ಗಂಟೆಗೆ 20 ಮೈಲಿ. ಪೊಲೀಸರು ಬೇಲಿ ಹಿಂದೆ ಗಡಿಯಾರ ಹಿಡಿದು ಕೂರುತ್ತಿದ್ದರು. ಎಎ ಆಳುಗಳು ಸೈಕಲ್ ಹತ್ತಿ ಹೋಗಿ ಕಾರಿನವರಿಗೆ ಹೇಳುತ್ತಿದ್ದರು. 1910ರಲ್ಲಿ ಕೋರ್ಟು, ಇದು ಪೊಲೀಸರ ಕೆಲಸಕ್ಕೆ ಅಡ್ಡಿ ಅಂದಿತು. ಅವರು ಬಿಟ್ಟರಾ? ಇಲ್ಲ. ಎಎ ಬಿಲ್ಲೆ ಇರುವ ಕಾರು ಬಂದರೆ ಆಳು ಸೆಲ್ಯೂಟ್ ಹೊಡೆಯಬೇಕು. ಹೊಡೆಯದಿದ್ದರೆ ಗಾಡಿ ನಿಲ್ಲಿಸಿ ಯಾಕೆ ಅಂತ ಕೇಳಿ ಅಂತ ಸದಸ್ಯರಿಗೆ ಹೇಳಿಟ್ಟಿದ್ದರು. ಸೆಲ್ಯೂಟ್ ಇಲ್ಲ ಅಂದರೆ ಮುಂದೆ ಪೊಲೀಸ್. ಸೆಲ್ಯೂಟ್ ಹೊಡೆಯಲಿಲ್ಲ ಅಂತ ಯಾರ ಮೇಲೆ ಕೇಸು ಹಾಕುತ್ತಾರೆ?

ಸುರೇಶ್ ಮಾವ: ಆಹಾ! ಇದು ಬುದ್ಧಿ ಅಂದರೆ.

ಕಾವ್ಯ: ಇನ್ನೊಂದಿದೆ. ಒಬ್ಬ ಲಾರಿ ಡ್ರೈವರ್ ಎದುರಿನವರಿಗೆ ಎಚ್ಚರಿಕೆ ಕೊಟ್ಟ ಅಂತ ಕೇಸು ಹಾಕಿದ್ದರು, 2005ರಲ್ಲಿ ಹೈಕೋರ್ಟು ಅವನ ಪರವಾಗಿ ತೀರ್ಪು ಕೊಟ್ಟಿತು. ಅವನು ಎಚ್ಚರಿಸಿದವರು ಜೋರಾಗಿ ಓಡಿಸುತ್ತಿದ್ದರು ಅನ್ನುವುದಕ್ಕೆ ಸಾಕ್ಷಿ ಎಲ್ಲಿ ಅಂತ ಕೇಳಿತು. ಈಗ ಇಲ್ಲಿ ಎಷ್ಟೋ ಕಡೆ ಸರಾಸರಿ ವೇಗದ ಕ್ಯಾಮೆರಾ ಬಂದಿವೆ. ಎರಡು ಕ್ಯಾಮೆರಾ ನಡುವಿನ ದೂರಕ್ಕೆ ಎಷ್ಟು ಹೊತ್ತು ತೆಗೆದುಕೊಂಡಿರಿ ಅಂತ ಲೆಕ್ಕ ಹಾಕುತ್ತಾರೆ. ಎಲ್ಲಿದೆ ಅಂತ ಗೊತ್ತಿದ್ದರೂ ಪ್ರಯೋಜನ ಇಲ್ಲ, ಪೂರ್ತಿ ನಿಧಾನವಾಗೇ ಹೋಗಬೇಕು.

ನಾನು: ಮಾವ ಮಾತ್ರ ಕ್ಯಾಮೆರಾ ಕೆಳಗೆ 99, ದಾಟಿದ ಮೇಲೆ 130. ನಾನು ಹಿಂದಿನ ಸೀಟಿನಲ್ಲಿ ಕೂತು ನೋಡಿದ್ದೇನೆ. ಆ ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಆಗಸ್ಟ್ ಬರುವಷ್ಟರಲ್ಲಿ ಬೈಕು, ಆಟೋ, ಟ್ರಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಸರ್ವಿಸ್ ರಸ್ತೆಗೆ ಕಳಿಸಿದರು. ಅಪಘಾತ ಅಷ್ಟಿತ್ತು. ಮದ್ದೂರಿನ ಬೈಕಿನವನು ಸರ್ವಿಸ್ ರಸ್ತೆಗೆ ಇಳಿದ, ಕಾರಿನವರಿಗೆ ಮಾತ್ರ ಕ್ಯಾಮೆರಾ ಪಟ್ಟಿ.

ಸುರೇಶ್ ಮಾವ: ನನ್ನ ಡ್ರೈವಿಂಗ್ ವಿಷಯ ಬೇಡ. ಡಿಸೆಂಬರ್ 31ಕ್ಕೆ ಪೊಲೀಸರೇ ಪೇಪರಿನಲ್ಲಿ ಹಾಕಿಸುತ್ತಾರಲ್ಲ, ತಪಾಸಣೆ ಇದೆ, ಹುಷಾರು ಅಂತ? ಅವರು ಹೇಳಿದರೆ ಎಚ್ಚರಿಕೆ, ನಾನು ಹೇಳಿದರೆ ಅಪರಾಧ?

ನಾನು: ಅವರು ‘ಇದೆ’ ಅನ್ನುತ್ತಾರೆ, ‘ಎಲ್ಲಿ’ ಅನ್ನುವುದಿಲ್ಲ. ಎಲ್ಲಿ ಬೇಕಾದರೂ ಸಿಕ್ಕಿಬೀಳಬಹುದು ಅನ್ನುವ ಹೆದರಿಕೆಗೇ ಜನ ಕಾರು ಮನೆಯಲ್ಲಿ ಬಿಟ್ಟು ಹೋಗುವುದು. ಊರಿಗೆಲ್ಲ ಊದಿಸುವಷ್ಟು ಪೊಲೀಸರು ಎಲ್ಲಿದ್ದಾರೆ? ಕೆಲಸ ಮಾಡುವುದು ಆ ಹೆದರಿಕೆ. ನಿಮ್ಮ ಪಟ್ಟಿಯಲ್ಲಿ ಎಂಟು ಜಾಗ ಇದೆ. ಅಂದರೆ ಉಳಿದ ಬೆಂಗಳೂರು ಪೂರ್ತಿ ಖಾಲಿ ಅಂತ ಹೇಳಿದ ಹಾಗೆ. ಬಾರಿನಲ್ಲಿ ಕೂತವನು ಅದನ್ನು ಓದಿ ಇನ್ನೊಂದು ಪೆಗ್ ಹೇಳುತ್ತಾನೆ. ಆಟೋ ಹಿಡಿಯಬೇಕು ಅಂತಿದ್ದವನೂ ಕಾರಿನ ಕೀ ತೆಗೆಯುತ್ತಾನೆ.

ನಾನು: ಇನ್ನೊಂದು. ಲೈಟ್ ಹೊಡೆದರೆ ಎದುರಿನ ಒಂದು ಗಾಡಿಗೆ ಗೊತ್ತಾಗುತ್ತದೆ, ಅಲ್ಲಿಗೆ ಮುಗಿಯಿತು. ನಿಮ್ಮ ಮೆಸೇಜಿನ ಮೇಲೆ ಎರಡು ಬಾಣದ ಗುರುತಿದೆ ನೋಡಿ. ಎಷ್ಟೋ ಕೈ ದಾಟಿ ಬಂದಿದೆ. ಯಾರು ಓದುತ್ತಾರೆ ಅಂತ ಕಳಿಸಿದವನಿಗೇ ಗೊತ್ತಿಲ್ಲ. ಚೇತು, ಹಾಸ್ಟೆಲ್ ಗುಂಪಿನಿಂದ ತೆಗೆದೆಯಾ?

ಚೇತು: ನಾನು ತೆಗೆದೆ ಭಾವ. ಅಷ್ಟರಲ್ಲಿ ನಾಲ್ಕು ಜನ ಬೇರೆ ಕಡೆ ಹಾಕಿಬಿಟ್ಟಿದ್ದಾರೆ.

ದೊಡ್ಡಮ್ಮ: ಲೋ ಸುರೇಶ, ಹತ್ತು ಸಾವಿರ ದಂಡದ ಬದಲು ಆಟೋಗೆ ಮುನ್ನೂರು ಕೊಡುವುದಕ್ಕೆ ಏನು ಕಷ್ಟ?

ಸುರೇಶ್ ಮಾವ: ಅಕ್ಕ, ರಾತ್ರಿ ಹನ್ನೊಂದು ಗಂಟೆಗೆ ನೀನು ಆಟೋ ಹುಡುಕಿ ನೋಡು. ಕಾನೂನು ಪ್ರಕಾರ ಮೀಟರ್ ಮೇಲೆ ಒಂದೂವರೆ. ಅವನು ಮೀಟರ್ ಕಡೆ ನೋಡುವುದೂ ಇಲ್ಲ, ಆರುನೂರು ಅನ್ನುತ್ತಾನೆ. ಅಷ್ಟು ಹೊತ್ತಿಗೆ ಮೆಟ್ರೋ ಮುಚ್ಚುವ ಸಮಯ. ಮಧ್ಯರಾತ್ರಿ ದಾಟಿದ ಮೇಲೂ ಬಾರ್ ತೆರೆದಿರಲಿ ಅನ್ನುವ ಸರ್ಕಾರಕ್ಕೆ ಆ ಹೊತ್ತಿಗೆ ಬಸ್ಸು ಬಿಡಬೇಕು ಅಂತ ಗೊತ್ತಾಗುವುದಿಲ್ಲವಾ?

ನಾನು: ಇದನ್ನು ಒಪ್ಪುತ್ತೇನೆ. ಇದನ್ನು ಬರೆದು ಹಂಚಿ, ನಾನೂ ನಾಲ್ಕು ಕಡೆ ಹಾಕುತ್ತೇನೆ.

ಪ್ರದೀಪಣ್ಣ: ನಾನೂ.

ಸುರೇಶ್ ಮಾವ: ಆಯಿತಪ್ಪ, ಎಲ್ಲ ಸೇರಿ ಒಬ್ಬನ ಮೇಲೆ ಬಿದ್ದಿದ್ದೀರಿ. ಕ್ಯಾಮೆರಾ ಪಟ್ಟಿ ಮಾತ್ರ ಇಲ್ಲಿ ಬಿಡುತ್ತೇನೆ. ಶನಿವಾರದ್ದು ನನ್ನ ಶಟಲ್ ಆಡುವವರ ಗುಂಪಿಗೆ ಹಾಕುತ್ತೇನೆ. ಅಲ್ಲಿ ನಿಮ್ಮಂಥವರು ಯಾರೂ ಇಲ್ಲ.

ದೊಡ್ಡಪ್ಪ: ಆ ಗುಂಪಿಗೆ ನನ್ನನ್ನೂ ಸೇರಿಸಪ್ಪ ಸುರೇಶ. ನನ್ನ ಕೈಕೆಳಗೆ ಇದ್ದ ಹುಡುಗರು ಇನ್ನೂ ಡ್ಯೂಟಿಯಲ್ಲಿದ್ದಾರೆ. ಅವರಿಗೂ ಅಡ್ಡರಸ್ತೆಗಳ ಪಟ್ಟಿ ಬೇಕಾಗುತ್ತದೆ.